ಹೊಟ್ಟೆ ಹೊಲಿಯದೆ ಐಸಿಯುಗೆ ಹಾಕಿದ್ದಾರೆ, ಇದು ಸರಿನಾ?

ತುಮಕೂರಿನವ: ನಿನ್ನೆ ರಾತ್ರಿ ನನ್ನ ತಮ್ಮನ ಬೈಕಿಗೆ ಲಾರಿ ಗುದ್ದಿದೆ. ತೊಡೆ ಮೂಳೆ ಮುರಿದಿದೆ, ಗುಲ್ಮ (ಸ್ಪ್ಲೀನ್) ಒಡೆದು ಹೊಟ್ಟೆ ತುಂಬಾ ರಕ್ತ. ಒಂದೇ ಗಂಟೆಯಲ್ಲಿ ಆಪರೇಷನ್ ಮುಗಿಸಿ ಆಚೆ ತಂದರು. ಗುಲ್ಮ ತೆಗೆದಿದ್ದಾರಂತೆ, ಆದರೆ ಹೊಟ್ಟೆ ಹೊಲಿದಿಲ್ಲ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ತೊಡೆಗೆ ಒಳಗೆ ರಾಡ್ ಹಾಕಿಲ್ಲ, ಹೊರಗಿಂದ ಕಂಬಿ ಚುಚ್ಚಿ ನಿಲ್ಲಿಸಿದ್ದಾರೆ. ಅಮ್ಮ ನೋಡಿ ಅಲ್ಲೇ ಕುಸಿದರು. ಅರ್ಧಕ್ಕೆ ಕೈಬಿಟ್ಟರು, ಬೇರೆ ಆಸ್ಪತ್ರೆಗೆ ಒಯ್ಯೋಣ ಅಂತ ಮಾವ ಹೇಳುತ್ತಿದ್ದಾರೆ.

ಸರ್ಜರಿ ಪಿಜಿ: ದಯವಿಟ್ಟು ಈಗ ಕದಲಿಸಬೇಡಿ. ಅವರು ಕೈಬಿಟ್ಟಿಲ್ಲ, ಬೇಕಂತಲೇ ನಿಲ್ಲಿಸಿದ್ದಾರೆ. ಇದಕ್ಕೆ ಡ್ಯಾಮೇಜ್ ಕಂಟ್ರೋಲ್ ಅಂತಾರೆ: ಮೊದಲು ರಕ್ತ ನಿಲ್ಲಿಸಿ ಜೀವ ಉಳಿಸೋದು, ಉಳಿದ ರಿಪೇರಿ ಆಮೇಲೆ. ರಕ್ತ ಜಾಸ್ತಿ ಹೋದಾಗ ಮೈ ತಣ್ಣಗಾಗುತ್ತೆ, ರಕ್ತದಲ್ಲಿ ಆಮ್ಲ ಏರುತ್ತೆ, ಆಮೇಲೆ ರಕ್ತ ಹೆಪ್ಪುಗಟ್ಟೋದೇ ಇಲ್ಲ, ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತೆ. ಆ ಸ್ಥಿತಿಯಲ್ಲಿ ನಾಲ್ಕು ಗಂಟೆ ಕೂತು ಎಲ್ಲ ರಿಪೇರಿ ಮಾಡಿದರೆ ಪೇಷೆಂಟ್ ಟೇಬಲ್ ಮೇಲೇ ಹೋಗಬಹುದು. 1993ರಲ್ಲಿ ಫಿಲಡೆಲ್ಫಿಯಾದ ಸರ್ಜನ್‌ಗಳು ತೀರಾ ಕೆಟ್ಟದಾಗಿ ಗಾಯಗೊಂಡವರ ಲೆಕ್ಕ ಕೊಟ್ಟರು: ಹೀಗೆ ಹಂತ ಹಂತವಾಗಿ ಮಾಡಿದ 13 ಜನರಲ್ಲಿ 10 ಮಂದಿ ಉಳಿದರು, ಒಂದೇ ಸಲಕ್ಕೆ ಎಲ್ಲ ಮುಗಿಸಿದ 9 ಜನರಲ್ಲಿ ಒಬ್ಬರೇ. ಚಿಕ್ಕ ಸಂಖ್ಯೆ, ನಿಜ. ಆದರೂ ಅಲ್ಲಿಂದ ಯೋಚನೆಯೇ ಬದಲಾಯ್ತು.

ಐಸಿಯು ಸಿಸ್ಟರ್: ತಮ್ಮನ ಮೇಲೆ ಬಿಸಿಗಾಳಿಯ ಹೊದಿಕೆ ಇದೆಯಾ ನೋಡಿ ಅಣ್ಣ, ರಕ್ತವನ್ನೂ ಬೆಚ್ಚಗೆ ಮಾಡಿಯೇ ಹಾಕುತ್ತೇವೆ. ರಕ್ತ ಸೋರೋದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಇಂಜೆಕ್ಷನ್ ಯಾವಾಗ ಕೊಟ್ಟರು ಅಂತಲೂ ಕೇಳಿ. 2010ರ ಕ್ರ್ಯಾಶ್-2 ಅಧ್ಯಯನದಲ್ಲಿ 20 ಸಾವಿರಕ್ಕೂ ಜಾಸ್ತಿ ಗಾಯಾಳುಗಳಿದ್ದರು. 3 ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತೆ, ತಡವಾದರೆ ತೊಂದರೆಯೇ ಆಗಬಹುದು.

ಮೂಳೆ ಡಾಕ್ಟರ್: ಒಂದು ಮಾತು ಸೇರಿಸ್ತೀನಿ. ಎಲ್ಲರಿಗೂ ಹೊರಗಿನ ಕಂಬಿ ಬೇಕಿಲ್ಲ. ಬಿಪಿ, ಲ್ಯಾಕ್ಟೇಟ್ (ಮೈಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಅಂಶ) ಎಲ್ಲ ಹತೋಟಿಗೆ ಬಂದಿದ್ದರೆ 24 ಗಂಟೆಯೊಳಗೆ ರಾಡ್ ಹಾಕೋದೇ ಒಳ್ಳೇದು, ಸುಮ್ನೆ ಮುಂದೂಡಿದರೆ ಶ್ವಾಸಕೋಶಕ್ಕೆ ಪೆಟ್ಟು. ಹಾಗಾಗಿ "ಯಾಕೆ ಹಾಕಿಲ್ಲ" ಅನ್ನಬೇಡಿ, "ಲ್ಯಾಕ್ಟೇಟ್ ಇಳಿಯುತ್ತಿದೆಯಾ, ಹೊಟ್ಟೆ ಯಾವತ್ತು ಮುಚ್ಚುತ್ತೀರಿ" ಅಂತ ಕೇಳಿ.

ತುಮಕೂರಿನವ: ಕೇಳಿದೆ ಸರ್. ಬಂದಾಗ ಮೈ ಬಿಸಿ 34 ಇತ್ತಂತೆ, ಈಗ 36.5. ಲ್ಯಾಕ್ಟೇಟ್ 7 ಇದ್ದದ್ದು 3ಕ್ಕೆ ಇಳಿದಿದೆ. ಇಂಜೆಕ್ಷನ್ ಕ್ಯಾಶುಯಲ್ಟಿಯಲ್ಲೇ ಕೊಟ್ಟಿದ್ದಾರೆ. ನಾಳೆ ಬೆಳಗ್ಗೆ ಮತ್ತೆ ಓಟಿಗೆ. ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ, ಆಂಬುಲೆನ್ಸ್ ಬೇಡ ಅಂದರು.