ಮಂಡಿಗೆ ಕೀಹೋಲ್ ಆಪರೇಷನ್ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡೋದು) ಮಾಡಿಸಿಕೊಂಡವರು ಸ್ವಲ್ಪ ಹೇಳಿ

ನಿಟ್ಟುವಳ್ಳಿ ಹುಡುಗ: ವಯಸ್ಸು 34. ವಾಲಿಬಾಲ್ ಆಡುವಾಗ ಎಗರಿ ಇಳಿದೆ, ಬಲ ಮಂಡಿಯಲ್ಲಿ ಟಕ್ ಅಂತ ಸದ್ದು. ಎಂಆರ್‌ಐನಲ್ಲಿ ಎಸಿಎಲ್ (ಮಂಡಿಯೊಳಗಿನ ಕಟ್ಟುನಾರು) ಪೂರ್ತಿ ಹರಿದಿದೆ, ಮೆನಿಸ್ಕಸ್ಸೂ (ಮೂಳೆಗಳ ನಡುವಿನ ಮೆತ್ತೆ) ಸೀಳಿದೆ ಅಂತ ಬಂದಿದೆ. ದಾವಣಗೆರೆಯಲ್ಲೇ ಮಾಡಿಸಲಾ, ಬೆಂಗಳೂರಿಗೆ ಹೋಗಲಾ? ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ.

ಹರಿಹರದ ರೈಡರ್: ನನ್ನದು ಕಬಡ್ಡಿ ಮಂಡಿ. 2019ರಲ್ಲಿ ದಾವಣಗೆರೆಯಲ್ಲೇ ಎಸಿಎಲ್ ಮಾಡಿಸಿದೆ. ಆಸ್ಪತ್ರೆ ಹೆಸರು ಬೇಡ ಬಿಡಿ. ಪ್ಯಾಕೇಜ್ 1,20,000 ಅಂದಿದ್ದರು. ಡಿಸ್ಚಾರ್ಜ್ ದಿನ ಬಿಲ್ 1,67,400! ಹೊಸ ನಾರು ಹಿಡಿದಿಡೋಕೆ ತೊಡೆ ಮೂಳೆಗೆ ಹಾಕಿದ ಬಟನ್ನು, ಕೆಳಗಿನ ಸ್ಕ್ರೂ, ಮಂಡಿಯೊಳಗೆ ಸವರೋ ಶೇವರ್ ಬ್ಲೇಡು, ಎಲ್ಲ ಬೇರೆಯಂತೆ. ಬ್ರೇಸ್ 4,200. ಫಿಸಿಯೋ ಒಂದು ಸಲಕ್ಕೆ 350ರಂತೆ 46 ಸಲ, 16,100. ಆಟೋ ದುಡ್ಡು ಲೆಕ್ಕ ಇಟ್ಟಿಲ್ಲ, ಇಟ್ಟರೆ ಹೊಟ್ಟೆ ಉರಿಯುತ್ತದೆ.

ಮೂರನೇ ದಿನ ನಮ್ಮ ಮಾವ ನೋಡೋಕೆ ಬಂದು, ಬ್ಯಾಂಡೇಜ್ ನೋಡಿ "ಇಷ್ಟೇನಾ?" ಅಂದರು. ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ನಾರು ತೆಗೆದು, ಮೂಳೆ ಕೊರೆದು ಒಳಗೆ ಕೂರಿಸಿದ್ದಾರೆ, ಅದು ಹೊರಗೆ ಕಾಣುತ್ತಾ? ಮೂರು ತಿಂಗಳಾದರೂ ಮಂಡಿ ಬಗ್ಗೋದು 70 ಡಿಗ್ರಿ ದಾಟಲಿಲ್ಲ. ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಿದರು, ಇನ್ನೊಂದು 18,000. ಟೈಲರ್ ಟೇಪಿನಲ್ಲಿ ಅಳೆದರೆ ಬಲದ ತೊಡೆ ಎಡಕ್ಕಿಂತ 4 ಸೆಂ.ಮೀ. ಕಮ್ಮಿ. ಆಟಕ್ಕೆ ಒಂಬತ್ತು ತಿಂಗಳು ಅಂದಿದ್ದರು. ನಾನು ಈಗಲೂ ಗೆರೆಯಾಚೆ ನಿಂತು ಸೀಟಿ ಊದ್ತೀನಿ.

ಚನ್ನಗಿರಿ ಅಡಿಕೆ: ಎಸಿಎಲ್ ಆದರೂ ಪರವಾಗಿಲ್ಲ, ಅದಕ್ಕೊಂದು ಅರ್ಥ ಇದೆ. ನಮ್ಮ ಅಮ್ಮನಿಗೆ 61, ಮಂಡಿ ಸವೆದಿತ್ತು. "ಕ್ಯಾಮೆರಾ ಹಾಕಿ ಒಳಗೆ ತೊಳೆದುಬಿಡ್ತೀವಿ, ಮರುದಿನ ಮನೆಗೆ" ಅಂದರು. 62,000 ಕೊಟ್ಟೆವು. ಮನೆಗೇನೋ ಮರುದಿನ ಬಂದರು, ನೋವೂ ಜೊತೆಗೇ ಬಂತು. ಆಮೇಲೆ ಓದಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ಪರೀಕ್ಷೆ ಮಾಡಿ 2002ರಲ್ಲೇ ಬರೆದಿದ್ದಾರೆ: ಸವೆದ ಮಂಡಿ ತೊಳೆಸಿದವರಿಗೂ, ಸುಮ್ನೆ ಚರ್ಮ ಕುಯ್ದು ಹೊಲಿಸಿಕೊಂಡವರಿಗೂ ಫಲಿತಾಂಶ ಒಂದೇ. ನಮಗೆ ಯಾರು ಹೇಳಬೇಕಿತ್ತು?

ಎಂಟು ತಿಂಗಳಿಗೆ ಮಂಡಿ ಬದಲಾಯಿಸಲೇಬೇಕಾಯಿತು. ಆಗ ಬಿಲ್ಲಿನಲ್ಲಿ ಕೋಬಾಲ್ಟ್ ಕ್ರೋಮಿಯಂ ಲೋಹದ ಕೃತಕ ಮಂಡಿಗೆ 78,000 ಹಾಕಿದ್ದರು. 2017ರ ಆಗಸ್ಟ್‌ನಲ್ಲಿ ಸರ್ಕಾರ ಜಿಎಸ್‌ಟಿ ಬಿಟ್ಟು 54,720 ಅಂತ ಮಿತಿ ಹಾಕಿತ್ತಲ್ಲ, ಅದರ ಪ್ರಿಂಟ್ ಕೌಂಟರ್ ಮೇಲಿಟ್ಟೆ. ಹತ್ತು ನಿಮಿಷದಲ್ಲಿ ಬಿಲ್ ತಿದ್ದಿ ತಂದರು.

ದುರ್ಗದ ಮೆಟ್ಟಿಲು: ಮೇಡಂ, ಒಂದು ಕೆಟ್ಟಿತು ಅಂತ ಎಲ್ಲವನ್ನೂ ಬೈಬೇಡಿ. ಓಬವ್ವನ ಕಿಂಡಿ ಚಿಕ್ಕದೇ, ಒಳಗೆ ನಡೆದದ್ದು ಚಿಕ್ಕದಾ? ಈ ಆಪರೇಷನ್ನೂ ಹಾಗೆ. ನನಗೆ ಮೆನಿಸ್ಕಸ್ ಕತ್ತರಿಸದೆ ಹೊಲಿದರು. ಹೊರ ಅಂಚಿಗೆ ರಕ್ತ ಓಡಾಡುತ್ತೆ, ಅಲ್ಲಿ ಹೊಲಿದರೆ ಕೂಡಿಕೊಳ್ಳುತ್ತೆ. ಆದರೆ ಆರು ವಾರ ಕಾಲು ಊರೋ ಹಾಗಿಲ್ಲ. ನಾಲ್ಕನೇ ವಾರ ಮೀನಖಂಡ ಊದಿ ಕಲ್ಲಾಯಿತು. ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿದರೆ ರಕ್ತ ಹೆಪ್ಪುಗಟ್ಟಿದೆ! ಮೂರು ತಿಂಗಳು ರಕ್ತ ತೆಳು ಮಾಡೋ ಮಾತ್ರೆ. ಆದರೂ ಹನ್ನೊಂದನೇ ತಿಂಗಳು ಜೋಗಿಮಟ್ಟಿ ಬೆಟ್ಟ ಹತ್ತಿದೆ. ರೈಡರ್ ಅವರೇ, ಮೊದಲ ಎರಡು ವಾರ ಮಂಡಿ ಬಗ್ಗಿಸಿದ್ರಾ, ದಿಂಬಿನ ಮೇಲಿಟ್ಟು ಐಪಿಎಲ್ ನೋಡಿದ್ರಾ?

ಹರಿಹರದ ರೈಡರ್: ಗುರುವೇ, ನನ್ನ ಮಂಡಿ ಬಗ್ಗಿಸುವಾಗ ನೀನು ಬಂದು ಹಿಡ್ಕೊಂಡಿದ್ಯಾ? ಫಿಸಿಯೋ ಹುಡುಗ ದಿನಕ್ಕೊಬ್ಬ. ಒಬ್ಬ ಬಗ್ಗಿಸು ಅಂತಾನೆ, ಇನ್ನೊಬ್ಬ ಬೇಡ ಅಂತಾನೆ.

ದುರ್ಗದ ಮೆಟ್ಟಿಲು: ನಾನು ಬೆಂಗಳೂರಲ್ಲಿ ಮಾಡಿಸಿದೆ. ಅಲ್ಲಿ ಬರೆದುಕೊಟ್ಟ ಚಾರ್ಟ್ ಮನೆ ಗೋಡೆಗೆ ಅಂಟಿಸಿದ್ದೆ.

ಎಂಸಿಸಿ ಬಿ ಬ್ಲಾಕ್: ಶುರುವಾಯ್ತು, ಬೆಂಗಳೂರು ಬೆಂಗಳೂರು! ಹೊಲಿಗೆ ಬಿಚ್ಚೋಕೆ ನಮ್ಮ ತಮ್ಮನನ್ನ ಟ್ಯಾಕ್ಸಿಯಲ್ಲಿ ಅಲ್ಲಿಗೆ ಕರೆದೊಯ್ದು ಬರೋಕೆ 9,500. ತುಮಕೂರು ದಾಟೋಷ್ಟರಲ್ಲಿ ಅವನ ಕಾಲು ಸೋರೆಕಾಯಿ. ಇಲ್ಲಿನ ಡಾಕ್ಟರ್ ಹತ್ತು ನಿಮಿಷದಲ್ಲಿ ಬಿಚ್ಚುತ್ತಿದ್ದರು. ಆಸ್ಪತ್ರೆಗಿಂತ ಮೊದಲು ಕಮೋಡ್ ನೋಡಿಕೊಳ್ಳಿ. ಬಾಡಿಗೆಗೆ ಕಮೋಡ್ ಕುರ್ಚಿ ತಿಂಗಳಿಗೆ 600 ಅಂದರು, ಹೊಸದೇ 2,300ಕ್ಕೆ ಸಿಕ್ಕಿತು.

ಚನ್ನಗಿರಿ ಅಡಿಕೆ: 2,300ಆ? ನಾವು 3,100 ಕೊಟ್ಟೆವು, ಮೂರು ತಿಂಗಳಲ್ಲಿ ತುಕ್ಕು ಹಿಡಿಯಿತು. ಸ್ಟೀಲಿನದಾ, ಪೌಡರ್ ಕೋಟಿಂಗಾ?

ಎಂಸಿಸಿ ಬಿ ಬ್ಲಾಕ್: ಪೌಡರ್ ಕೋಟಿಂಗ್. ಕೆಳಗಿನ ಬಕೆಟ್ ಬಿಗಿ ಕೂರಲ್ಲ, ಅದೊಂದೇ ತೊಂದರೆ.

ನಿಟ್ಟುವಳ್ಳಿ ಹುಡುಗ: ಎಲ್ಲರಿಗೂ ಥ್ಯಾಂಕ್ಸ್. ಮೆಟ್ಟಿಲಿನ ವಿಷಯ ಯಾರೂ ಹೇಳಲಿಲ್ಲ.

ಹರಿಹರದ ರೈಡರ್: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ನಾನು ಮೊದಮೊದಲು ಕೂತ್ಕೊಂಡು ಜಾರಿಕೊಂಡೇ ಇಳಿದೆ, ಲುಂಗಿ ಹರಿಯಿತು.

ದುರ್ಗದ ಮೆಟ್ಟಿಲು: ಅವರಿಗೂ ಮೆನಿಸ್ಕಸ್ ಹೊಲಿದರೆ ಆರು ವಾರ ಮೆಟ್ಟಿಲೇ ಕಷ್ಟ. ಕೆಳಗಿನ ಮನೆಯವರನ್ನ ಒಂದು ರೂಮು ಕೇಳಲಿ ಮೊದಲು.