‘ಪಾಮ್-ವೈನ್ ಡ್ರಿಂಕಾರ್ಡ್’ ಓದೋದು ಹೇಗೆ?

ಪ್ರಶ್ನೆ: ನೈಜೀರಿಯಾದ ಅಮೋಸ್ ಟುಟುವೊಲಾ ಅವರ ‘ದಿ ಪಾಮ್-ವೈನ್ ಡ್ರಿಂಕಾರ್ಡ್’ (1952) ಕಾದಂಬರಿಯನ್ನು ಐದು ಜನ ಸೇರಿ ಓದ್ತಿದ್ದೇವೆ, ಅಲ್ಲಲ್ಲೇ ಕನ್ನಡದಲ್ಲಿ ಹೇಳಿಕೊಳ್ತಾ. ತನಗೆ ಹೆಂಡ ಇಳಿಸಿಕೊಡ್ತಿದ್ದವನು ಸತ್ತಾಗ ಕುಡುಕ ಅವನನ್ನು ಹುಡುಕಿ ಸತ್ತವರ ಊರಿಗೆ ಹೊರಡ್ತಾನೆ. ಅಲ್ಲಿಂದಾಚೆ ನಮಗೆ ದಿಕ್ಕು ತಪ್ಪುತ್ತಿದೆ. ಇಂಗ್ಲಿಷೂ ವಿಚಿತ್ರ. ಏನು ಮಾಡೋದು?

ಉತ್ತರ 1: ಇಂಗ್ಲಿಷನ್ನು ತಿದ್ದಿಕೊಂಡು ಓದಬೇಡಿ. ‘ಡ್ರಂಕರ್ಡ್’ (ಕುಡುಕ) ಬದಲು ‘ಡ್ರಿಂಕಾರ್ಡ್’ ಅಂದಿರೋದು ಅಚ್ಚಿನ ತಪ್ಪಲ್ಲ, ಒಳಗಿನ ಓಟವೆಲ್ಲ ನೈಜೀರಿಯಾದ ಯೊರುಬಾ ಜನರ ಕಥೆಗಾರನದು. ಒಬ್ಬರು ಜೋರಾಗಿ ಓದಲಿ. ಅಧ್ಯಾಯಗಳಿಲ್ಲ, ಹಾಗಾಗಿ ಒಂದು ಪ್ರಸಂಗ ಮುಗಿದಲ್ಲಿ ನಿಲ್ಲಿಸಿ.

‘ಪರಿಪೂರ್ಣ ಸಭ್ಯಸ್ಥ’ನ ಪ್ರಸಂಗವನ್ನು ಮಾತ್ರ ನಿಧಾನವಾಗಿ ಓದಿ. ಸಂತೆಯಲ್ಲಿ ಕಂಡ ಚೆಲುವನ ಹಿಂದೆ ಹುಡುಗಿ ಹೋಗ್ತಾಳೆ. ಅವನ ಮೈಯೆಲ್ಲ ಬಾಡಿಗೆಯದು. ಎಡಗಾಲು ವಾಪಸ್, ಬಾಡಿಗೆ ಚುಕ್ತಾ. ಬಲಗಾಲೂ ಹೋದಾಗ ತೆವಳ್ತಾನೆ. ಹೊಟ್ಟೆ, ಎದೆ ಹೋದಮೇಲೆ ಕಪ್ಪೆಯ ಹಾಗೆ ಕುಪ್ಪಳಿಸ್ತಾನೆ. ಕೊನೆಗೆ ಉಳಿಯೋದು ಬುರುಡೆ. ಕನ್ನಡಕ್ಕೆ ತರುವಾಗ ಈ ಕ್ರಮ ಅದಲುಬದಲಾದರೆ ನಗುವೂ ಇಲ್ಲ, ಭಯವೂ ಇಲ್ಲ.

ಉತ್ತರ 2: ಲೆಕ್ಕ ಬರೆದಿಟ್ಟುಕೊಳ್ಳಿ. ಕುಡುಕನ ತೋಟದಲ್ಲಿ 5,60,000 ಮರ, ಬೆಳಿಗ್ಗೆ 150 ಗಡಿಗೆ ಹೆಂಡ, ಸಂಜೆ 75. ಹೆಂಡ ಒಂದೆರಡು ದಿನದಲ್ಲೇ ಹುಳಿಯಾಗಿ ಕೆಡುತ್ತೆ, ಕೂಡಿಡೋಕಾಗಲ್ಲ. ಅಷ್ಟು ಇಳಿಸುವ ಇನ್ನೊಬ್ಬ ಸಿಗದಿದ್ದಾಗಲೇ ಪ್ರಯಾಣ ಶುರು.

ಎಲ್ಲರೂ ಎಡವೋದು ಬಿಳಿ ಮರದ ಹತ್ತಿರ. ಆ ಮರದೊಳಗೆ ಹೋಗುವ ಮುಂಚೆ ಕುಡುಕನೂ ಅವನ ಹೆಂಡತಿಯೂ (ಬುರುಡೆಯ ಹಿಂದೆ ಹೋಗಿದ್ದ ಹುಡುಗಿಯೇ ಇವಳು) ತಮ್ಮ ಸಾವನ್ನು 70 ಪೌಂಡ್ 18 ಶಿಲಿಂಗ್ 6 ಪೆನ್ಸ್‌ಗೆ ಮಾರ್ತಾರೆ, ಭಯವನ್ನು ತಿಂಗಳಿಗೆ 3 ಪೌಂಡ್ 10 ಶಿಲಿಂಗ್‌ಗೆ ಬಾಡಿಗೆಗೆ ಕೊಡ್ತಾರೆ. ಹೊರಬಂದಾಗ ಭಯ ವಾಪಸ್ ಬರುತ್ತೆ, ಮಾರಿದ ಸಾವು ಬರಲ್ಲ. ಇದನ್ನು ಮರೆತರೆ ಮುಂದೆ ಅವರು ಸಾಯದೆಯೂ ಯಾಕೆ ಹೆದರ್ತಾರೆ ಅನ್ನೋದು ಅರ್ಥವಾಗಲ್ಲ.

ಉತ್ತರ 3: ಪದಗಳ ಬಗ್ಗೆ: ‘ವೈನ್’ ಬಿಡಿ, ಹೆಂಡ ಅನ್ನಿ. ಸಾರಾಯಿ ಅಂತೂ ಬೇಡವೇ ಬೇಡ, ಅದು ಭಟ್ಟಿ ಇಳಿಸಿದ್ದು. ನೀವು ಕರಾವಳಿಯವರಾದರೆ ಇಳಿಸುವವನಿಗೆ ‘ಮೂರ್ತೆದಾರ’ ಸರಿಹೋಗುತ್ತೆ. ಕಾಡಿನಲ್ಲಿ ಎದುರಾಗುವ ಎಲ್ಲವನ್ನೂ ‘ದೆವ್ವ’ ಅನ್ನಬೇಡಿ, ಅವು ಸತ್ತವರಲ್ಲ. ಸತ್ತವರ ಊರೇ ಬೇರೆ, ಅಲ್ಲಿ ಎಲ್ಲರೂ ಹಿಂದುಹಿಂದಕ್ಕೆ ನಡೀತಾರೆ.

ಉತ್ತರ 2, ಮತ್ತೆ: ಸತ್ತವರ ಊರು ಸಿಕ್ಕಿತು ಅಂತ ಪುಸ್ತಕ ಮುಚ್ಚಬೇಡಿ. ಹೆಂಡ ಇಳಿಸುವವನು ವಾಪಸ್ ಬರಲ್ಲ, ಕುಡುಕನಿಗೆ ಒಂದು ಮೊಟ್ಟೆ ಕೊಟ್ಟು ಕಳಿಸ್ತಾನೆ. ಬರಗಾಲದಲ್ಲಿ ಅದು ಊರಿಗೆಲ್ಲ ಅನ್ನ ಹಾಕುತ್ತೆ. ಒಡೆದು ಅಂಟಿಸಿದ ಮೇಲೆ ಚಾಟಿ ಬಿಟ್ಟು ಬೇರೇನೂ ಕೊಡಲ್ಲ. ಬರಗಾಲಕ್ಕೆ ಕಾರಣ ಕೊನೇ ಪುಟಗಳಲ್ಲಿದೆ: ಬೇಟೆಯಲ್ಲಿ ಸಿಕ್ಕ ಒಂದೇ ಒಂದು ಇಲಿಗಾಗಿ ಆಕಾಶಕ್ಕೂ ಭೂಮಿಗೂ ಯಾರು ಹಿರಿಯರು ಅಂತ ಜಗಳ.