ಅಪ್‌ಡೇಟ್: ಕಡಸಿಗೆ ಕೊನೆಗೆ ಜೆರ್ಸಿಯೇ ಕೊಡಿಸಿದೆ

ಬದಿಯಡ್ಕದ ನಮ್ಮ ಮಿಶ್ರತಳಿ ಕಡಸಿಗೆ ಮೊದಲ ಸಲ ಗಬ್ಬ ಕಟ್ಟಿಸಲು ಯಾವ ಹೋರಿಯ ವೀರ್ಯದ ಇಂಜೆಕ್ಷನ್ ಒಳ್ಳೆಯದು, ಜೆರ್ಸಿಯದ್ದೋ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ತಳಿಯದ್ದೋ ಅಂತ ಕೇಳಿದ್ದೆನಲ್ಲ, ಜೆರ್ಸಿ ಕೊಡಿಸಿದೆ, ಮೊನ್ನೆ ಕರು ಹಾಕಿತು. ಯಾರೂ ಎಳೆಯಬೇಕಾಗಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಕರು ಎದ್ದು ಕೆಚ್ಚಲು ಹುಡುಕುತ್ತಿತ್ತು. ಎಚ್‌ಎಫ್ ಕರು ಹುಟ್ಟುವಾಗಲೇ 40 ಕಿಲೋ ಹತ್ತಿರ ಇರುತ್ತದೆ, ಜೆರ್ಸಿಯದ್ದು 25ರ ಆಸುಪಾಸು. ಸಣ್ಣ ಸೊಂಟದ ಕಡಸಿಗೆ ಅಷ್ಟು ವ್ಯತ್ಯಾಸ ಜಾಸ್ತಿಯೇ ಅಲ್ವಾ. ಹೊರದೇಶಗಳಲ್ಲಿ ಮಾಂಸಕ್ಕೆ ದನ ಸಾಕುವವರು ಚೊಚ್ಚಲಿಗೆ ಸಣ್ಣ ಕರು ಹುಟ್ಟುವ ಆಂಗಸ್ ತಳಿಯ ಹೋರಿ ಹುಡುಕುವುದೂ ಇದಕ್ಕೇ. ಕರುವಿನ ಗುಣ ಮಾತ್ರ ಅಮ್ಮನದೇ! ಕಾಸರಗೋಡು ಗಿಡ್ಡ ಅನ್ನುವ ನಮ್ಮೂರ ಕುಳ್ಳ ತಳಿಯ ರಕ್ತ, ಹೊಸಬರು ಹಟ್ಟಿಗೆ ಬಂದರೆ ಕಿವಿ ನಿಮಿರಿಸುತ್ತದೆ, ದಿನಾ ಮೈ ಸವರಿ ಪಳಗಿಸುತ್ತಿದ್ದೇನೆ. ಗುಜರಾತಿನ ಗೀರ್ ತಳಿ ಕೊಡಿಸಿ ಅಂದವರಿಗೆ, ಮುಂದಿನ ಸಲ ನೋಡೋಣ. ಶುದ್ಧ ಗಿಡ್ಡ ದನ ಇರುವವರು ಸುಮ್ನೆ ಜೆರ್ಸಿ ಹಾಕಿಸಬೇಡಿ, ತಳಿ ಉಳಿಯಲು ಅದಕ್ಕೆ ಗಿಡ್ಡ ಹೋರಿಯೇ ಸರಿ.